ಓದುಗರ ಪ್ರಶ್ನೆ – ವೈದ್ಯರ ಉತ್ತರ: ಉಷ್ಣವಲಯದ ಪ್ರಯಾಣಕ್ಕೆ ಯಾವ ಸೊಳ್ಳೆ ನಿವಾರಕ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಕೃಷಿಕರು. ನನಗೆ 62 ವರ್ಷ, ಪತ್ನಿಗೆ 57. ಮಗ ಕೀನ್ಯಾದ ನೈರೋಬಿಯಲ್ಲಿ ಉದ್ಯೋಗದಲ್ಲಿದ್ದಾನೆ, ಸೊಸೆ ಐದು ತಿಂಗಳ ಗರ್ಭಿಣಿ. ಆಗಸ್ಟ್‌ನಲ್ಲಿ ಮೂರು ವಾರ ಅವರಲ್ಲಿಗೆ ಹೋಗುವವರಿದ್ದೇವೆ. ನಡುವೆ ಮೂರು ದಿನ ಮಸಾಯಿ ಮಾರಾ ಅಭಯಾರಣ್ಯ, ನಾಲ್ಕು ದಿನ ಕರಾವಳಿಯ ಮೊಂಬಾಸಾ ನೋಡುವ ಯೋಜನೆ ಇದೆ. ಸೊಳ್ಳೆಗೆ ಏನು ಒಯ್ಯಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆ. ಮಂಗನ ಕಾಯಿಲೆಗೆಂದು ಆರೋಗ್ಯ ಕೇಂದ್ರದವರು ಕೊಟ್ಟ ಡೆಪಾ ಎಣ್ಣೆ ಮನೆಯಲ್ಲಿದೆ, ಅಂಗಡಿಯ ಕ್ರೀಮು ಇದೆ, ಬೇವಿನೆಣ್ಣೆಯೇ ಸಾಕು ಎಂದು ಪತ್ನಿ ಹೇಳುತ್ತಾಳೆ. ಮಲೆನಾಡಿನಲ್ಲಿ ಹುಟ್ಟಿದಂದಿನಿಂದ ಸೊಳ್ಳೆ ಕಚ್ಚಿಸಿಕೊಂಡೇ ಬೆಳೆದ ನಮಗೆ ಇಷ್ಟೆಲ್ಲ ಮುಂಜಾಗ್ರತೆ ಬೇಕೇ?

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಈ ನಂಬಿಕೆಯಿಂದಲೇ ಹೆಚ್ಚಿನವರು ತೊಂದರೆಗೆ ಸಿಲುಕುತ್ತಾರೆ. ಸೊಳ್ಳೆ ಕಚ್ಚಿದರೆ ನಿಮಗೆ ತುರಿಕೆ ಕಡಿಮೆ ಇರಬಹುದು. ಆದರೆ ತುರಿಕೆ ಕಡಿಮೆ ಇರುವುದಕ್ಕೂ ಮಲೇರಿಯಾ ಬಾರದಿರುವುದಕ್ಕೂ ಯಾವ ಸಂಬಂಧವೂ ಇಲ್ಲ. ಕೀನ್ಯಾದಲ್ಲಿ ಹರಡುವ ಮಲೇರಿಯಾದ ಬಹುಪಾಲು ಫಾಲ್ಸಿಪ್ಯಾರಂ ಎಂಬ ಪರಾವಲಂಬಿಯಿಂದ ಬರುವಂಥದು. ಚಿಕಿತ್ಸೆ ತಡವಾದರೆ ಅದು ಕೆಲವೇ ದಿನಗಳಲ್ಲಿ ಮಿದುಳು ಮತ್ತು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಅಲ್ಲಿಯೇ ಹುಟ್ಟಿ ಬೆಳೆದು ಮತ್ತೆ ಮತ್ತೆ ಸೋಂಕು ಕಂಡ ವಯಸ್ಕರಿಗೆ ತಕ್ಕಮಟ್ಟಿನ ರೋಗನಿರೋಧಕ ಶಕ್ತಿ ಬಂದಿರುತ್ತದೆಯೇ ಹೊರತು, ಭಾರತದಿಂದ ಹೋದವರಿಗೆ ಅದು ಇರುವುದಿಲ್ಲ. ಹಿಂದೆಂದೋ ನಮ್ಮೂರಿನ ಮಲೇರಿಯಾ ಬಂದು ಹೋಗಿದ್ದರೂ ಅಲ್ಲಿ ಅದು ರಕ್ಷಣೆ ಕೊಡುವುದಿಲ್ಲ.

ಇನ್ನು ನಿಮ್ಮ ಮನೆಯ ಚರ್ಚೆಗೆ ಬರೋಣ. ಸೊಳ್ಳೆ ನಿವಾರಕವನ್ನು ಹೆಸರಿನಿಂದಲೂ ವಾಸನೆಯಿಂದಲೂ ಬೆಲೆಯಿಂದಲೂ ಆರಿಸಬಾರದು. ಡಬ್ಬಿಯನ್ನು ತಿರುಗಿಸಿ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಎರಡು ಸಂಗತಿಗಳನ್ನು ಓದಬೇಕು: ಒಳಗಿರುವ ಸಕ್ರಿಯ ರಾಸಾಯನಿಕ ಯಾವುದು, ಅದು ಶೇಕಡಾ ಎಷ್ಟಿದೆ. ಈ ಎರಡು ಬರೆದಿಲ್ಲದ ಡಬ್ಬಿಯ ಮೇಲೆ ‘ನೈಸರ್ಗಿಕ’, ‘ಗಿಡಮೂಲಿಕೆ’, ‘ಹನ್ನೆರಡು ಗಂಟೆ ರಕ್ಷಣೆ’ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಚರ್ಮಕ್ಕೆ ಹಚ್ಚುವ ರಾಸಾಯನಿಕಗಳಲ್ಲಿ ಉಷ್ಣವಲಯದ ಪ್ರಯಾಣಕ್ಕೆ ನಂಬಬಹುದಾದವು ನಾಲ್ಕೇ ನಾಲ್ಕು. ಮೊದಲನೆಯದು ಡೀಟ್. ಎರಡನೇ ಮಹಾಯುದ್ಧದಲ್ಲಿ ಕಾಡುಗಳಲ್ಲಿ ಹೋರಾಡಿದ ಅನುಭವದ ನಂತರ ಅಮೆರಿಕದ ಸೈನ್ಯ 1946ರಲ್ಲಿ ಇದನ್ನು ಬಳಕೆಗೆ ತಂದಿತು; 1957ರಿಂದ ಇದು ಜನಸಾಮಾನ್ಯರ ಕೈಗೂ ಬಂದಿತು. ಇಷ್ಟು ದೀರ್ಘ ಕಾಲ, ಇಷ್ಟು ಜನರ ಮೈಮೇಲೆ ಪರೀಕ್ಷೆಗೊಳಗಾದ ನಿವಾರಕ ಬೇರೊಂದಿಲ್ಲ. ಎರಡನೆಯದು ಇಕಾರಿಡಿನ್, ಪಿಕಾರಿಡಿನ್ ಎಂದೂ ಬರೆದಿರುತ್ತದೆ. ಕರಿಮೆಣಸಿಗೆ ಖಾರ ಕೊಡುವ ಪೈಪರೀನ್‌ನ ರಚನೆಗೆ ಇದರ ರಚನೆ ಹತ್ತಿರದ್ದು. ಮೂರನೆಯದು ಐಆರ್3535. ನಾಲ್ಕನೆಯದು, ನಿಂಬೆಯ ವಾಸನೆ ಬೀರುವ ಒಂದು ಜಾತಿಯ ನೀಲಗಿರಿ ಮರದ ಎಲೆಯಿಂದ ಬರುವ ಪಿಎಂಡಿ. ಈ ಕೊನೆಯದರಲ್ಲಿ ಒಂದು ಎಚ್ಚರಿಕೆ ಬೇಕು: ಪಿಎಂಡಿ ಎಂದರೆ ಸಂಸ್ಕರಿಸಿದ ಸಾರವೇ ಹೊರತು, ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಮಾರುವ ಸುಗಂಧ ತೈಲವಲ್ಲ. ಹೆಸರು ಹತ್ತಿರವಿದ್ದರೂ ಆ ತೈಲದಲ್ಲಿ ಪಿಎಂಡಿ ಇರುವುದು ಅತ್ಯಲ್ಪ.

ಶೇಕಡಾವಾರು ಪ್ರಮಾಣವನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಶೇ 30ರ ಡೀಟ್ ಎಂದರೆ ಶೇ 10ರದಕ್ಕಿಂತ ಸೊಳ್ಳೆಯನ್ನು ಮೂರು ಪಟ್ಟು ದೂರ ಓಡಿಸುತ್ತದೆ ಎಂದಲ್ಲ; ಹೆಚ್ಚು ಹೊತ್ತು ಮೈಮೇಲೆ ನಿಂತು ಕೆಲಸ ಮಾಡುತ್ತದೆ ಎಂದು ಅರ್ಥ. ಶೇ 10ರದು ಸುಮಾರು ಎರಡು ಗಂಟೆ, ಶೇ 20ರಿಂದ 30ರದು ಸುಮಾರು ಐದಾರು ಗಂಟೆ ಕಾಯುತ್ತದೆ. ಶೇ 50 ದಾಟಿದ ಮೇಲೆ ಅವಧಿ ಹೆಚ್ಚುವುದು ತೀರಾ ಕಡಿಮೆ, ಚರ್ಮಕ್ಕೆ ಅಂಟು ಮತ್ತು ಉರಿ ಮಾತ್ರ ಹೆಚ್ಚುತ್ತದೆ. ಶೇ 20ರ ಇಕಾರಿಡಿನ್ ಎಂಟು ಗಂಟೆಯವರೆಗೂ ನಿಲ್ಲಬಲ್ಲದು. ಇವೆಲ್ಲ ತಣ್ಣಗೆ ಕುಳಿತವರ ಲೆಕ್ಕ. ಮೊಂಬಾಸಾದ ಸೆಕೆಯಲ್ಲಿ ಬೆವರು ಹರಿದಾಗ, ಈಜಿದಾಗ, ಟವೆಲಿನಿಂದ ಮೈ ಒರೆಸಿಕೊಂಡಾಗ ಈ ಗಂಟೆಗಳು ಕರಗುತ್ತವೆ. ಅಲ್ಲಿ ಐದು ಗಂಟೆಯದನ್ನು ಮೂರೂವರೆ ಗಂಟೆಗೇ ಮತ್ತೆ ಹಚ್ಚಿಕೊಳ್ಳುವುದು ವಿವೇಕ.

ಈಗ ನಿಮ್ಮಲ್ಲಿರುವ ಮೂರನ್ನೂ ಈ ಅಳತೆಗೋಲಿನಲ್ಲಿ ನೋಡೋಣ. ಡೆಪಾ ನಮ್ಮ ದೇಶದ ಹೆಮ್ಮೆಯ ಕೆಲಸ. ಗ್ವಾಲಿಯರ್‌ನಲ್ಲಿರುವ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಇದನ್ನು ಸೈನಿಕರಿಗಾಗಿ ಅಭಿವೃದ್ಧಿಪಡಿಸಿತು. ಮಂಗನ ಕಾಯಿಲೆಯ ಸೀಮೆಯಲ್ಲಿ ಸೊಪ್ಪು ಸೌದೆಗೆ ಕಾಡಿಗೆ ಹೋಗುವವರು ಆ ಕಾಯಿಲೆ ಹರಡುವ ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳಲೆಂದು ಅದನ್ನು ಕೊಡುತ್ತಾರೆ. ಹಿಂದೆ ಇದೇ ಕೆಲಸಕ್ಕೆ ಡಿಎಂಪಿ ಎಣ್ಣೆ ಕೊಡುತ್ತಿದ್ದುದು ನಿಮಗೆ ನೆನಪಿರಬಹುದು. ಡೆಪಾ ಸೊಳ್ಳೆಗಳನ್ನೂ ಚೆನ್ನಾಗಿ ದೂರವಿಡುತ್ತದೆ. ಆದರೂ ಊರಿನ ಜನಕ್ಕೆ ಕಾಡಿನ ಕೆಲಸಕ್ಕೆಂದು ಕೊಟ್ಟ ಬಾಟಲಿಯನ್ನು ವಿದೇಶಕ್ಕೆ ಒಯ್ಯಬೇಡಿರೆಂದೇ ಹೇಳುತ್ತೇನೆ. ಅದು ನಿಮ್ಮ ಊರಿನಲ್ಲೇ ಬೇಕಾಗುವ ವಸ್ತು. ಅಲ್ಲದೆ ತೆರೆದಿಟ್ಟ ಬಾಟಲಿ ಎಷ್ಟು ಹಳೆಯದೆಂದು ತಿಳಿಯದೆ ಅದರ ಮೇಲೆ ಪ್ರಾಣದ ಭಾರ ಹಾಕುವುದು ಸರಿಯಲ್ಲ. ಅಂಗಡಿಯ ಕ್ರೀಮಿನ ಹಿಂಬದಿ ಓದಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕ್ರೀಮುಗಳಲ್ಲಿ ಡೀಟ್‌ನ ಹತ್ತಿರದ ಬಂಧುವಾದ ಡೈಈಥೈಲ್ ಬೆಂಜಮೈಡ್ ಶೇ 12ರ ಆಸುಪಾಸಿನಲ್ಲಿ ಇರುತ್ತದೆ. ಸಂಜೆ ಜಗಲಿಯ ಮೇಲೆ ಕೂರಲು, ಮಕ್ಕಳು ಓದಲು ಕೂರುವಾಗ ಹಚ್ಚಲು ಅದು ಒಳ್ಳೆಯದೇ. ಇಡೀ ಸಂಜೆ ಮತ್ತು ರಾತ್ರಿಯನ್ನು ಹೊರಗೆ ಕಳೆಯುವ ಪ್ರವಾಸಕ್ಕೆ ಅದರ ಅವಧಿ ಸಾಲದು.

ಬೇವಿನೆಣ್ಣೆಯ ವಿಷಯದಲ್ಲಿ ನಿಮ್ಮ ಪತ್ನಿಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ ಬೇವಿನೆಣ್ಣೆ ಸೊಳ್ಳೆಗಳನ್ನು ತಡೆದದ್ದನ್ನು ನಮ್ಮ ದೇಶದ ಪ್ರಯೋಗಗಳಲ್ಲೇ ಕಂಡಿದ್ದಾರೆ. ಆದರೆ ಮನೆಯಲ್ಲಿ ಬೆರೆಸಿದ ಎಣ್ಣೆಯಲ್ಲಿ ಒಂದು ಸಲದ ಹದ ಇನ್ನೊಂದು ಸಲಕ್ಕೆ ಇರುವುದಿಲ್ಲ. ಎಷ್ಟು ಹೊತ್ತು ಕಾಯುತ್ತದೆ ಎಂದು ಹೇಳಲು ಬರುವುದಿಲ್ಲ. ಒಂದೇ ಕಚ್ಚುವಿಕೆಯಿಂದ ಫಾಲ್ಸಿಪ್ಯಾರಂ ಬರಬಹುದಾದ ಜಾಗದಲ್ಲಿ ಅಂದಾಜಿನ ರಕ್ಷಣೆ ರಕ್ಷಣೆಯಲ್ಲ. ಬೇವನ್ನು ಮನೆಯಲ್ಲಿ ಬಳಸಲಿ, ಪ್ರಯಾಣದ ಚೀಲಕ್ಕೆ ಬೇಡ.

ನಿಮ್ಮಿಬ್ಬರಿಗೆ ನನ್ನ ಸಲಹೆ ಶೇ 20ರ ಇಕಾರಿಡಿನ್. ಅದಕ್ಕೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಜಿಡ್ಡಿಲ್ಲ, ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ. ಡೀಟ್ ಅಷ್ಟೇ ಸಮರ್ಥವಾದರೂ ಅದು ಕೆಲವು ಪ್ಲಾಸ್ಟಿಕ್ಕುಗಳನ್ನು, ರೇಯಾನ್ ಬಟ್ಟೆಯನ್ನು, ಉಗುರುಬಣ್ಣವನ್ನು ಕರಗಿಸುತ್ತದೆ. ಒಮ್ಮೆ ಡೀಟ್ ಹಚ್ಚಿದ ಕೈಯನ್ನು ಒರೆಸಿಕೊಳ್ಳದೆ ನನ್ನ ಪ್ಲಾಸ್ಟಿಕ್ ಕೈಗಡಿಯಾರದ ಮುಖವನ್ನು ಮುಟ್ಟಿದ್ದೆ. ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಅದರ ಮೇಲೆ ಮೂಡಿದವು, ಉಜ್ಜಿದರೂ ಹೋಗಲಿಲ್ಲ. ಚರ್ಮಕ್ಕೆ ಅದರಿಂದ ಅಂಥ ಅಪಾಯವಿಲ್ಲ. ಆದರೆ ಕನ್ನಡಕ, ದುರ್ಬೀನು, ಕ್ಯಾಮೆರಾ ಹಿಡಿದು ಮಸಾಯಿ ಮಾರಾಕ್ಕೆ ಹೋಗುವವರು ಇದನ್ನು ತಿಳಿದಿರಬೇಕು. ಇಕಾರಿಡಿನ್ ನಿಮ್ಮ ಊರಿನಲ್ಲಿ ಸಿಗದಿದ್ದರೆ ಮಗನಿಗೆ ಹೇಳಿ ನೈರೋಬಿಯಲ್ಲೇ ಕೊಂಡಿಡಿಸಿ. ಅದೂ ಆಗದಿದ್ದರೆ ಶೇ 20ರಿಂದ 30ರ ಡೀಟ್ ಕೊಳ್ಳಿ.

ಎಷ್ಟು ಕೊಳ್ಳಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ, ಆದರೆ ಎಲ್ಲರೂ ಎಡವುವುದು ಅಲ್ಲಿಯೇ. ಪ್ರಯೋಗಾಲಯದಲ್ಲಿ ನಿವಾರಕವನ್ನು ಪರೀಕ್ಷಿಸುವಾಗ ಒಂದು ಮುಂಗೈಗೆ, ಅಂದರೆ ಸುಮಾರು 600 ಚದರ ಸೆಂಟಿಮೀಟರ್ ಚರ್ಮಕ್ಕೆ, 1 ಮಿಲಿಲೀಟರ್ ಹಚ್ಚುತ್ತಾರೆ. ಎರಡು ಮುಂಗೈ, ಕುತ್ತಿಗೆ, ಪಾದ, ಮೀನಖಂಡಗಳನ್ನು ಲೆಕ್ಕ ಹಾಕಿದರೆ ಒಂದು ಸಲಕ್ಕೆ ಐದಾರು ಮಿಲಿಲೀಟರ್, ಅಂದರೆ ಒಂದು ಚಹಾ ಚಮಚೆಯಷ್ಟು ಬೇಕು. ಜನ ಕಡಲೆಕಾಳಿನಷ್ಟು ತೆಗೆದು ಎರಡೂ ಕೈಗೆ ಸವರಿಕೊಂಡು, ಔಷಧಿ ಕೆಲಸ ಮಾಡಲಿಲ್ಲವೆಂದು ದೂರುತ್ತಾರೆ. ಸೊಳ್ಳೆ ನಿವಾರಕ ಮೈಸುತ್ತ ಪರದೆ ಕಟ್ಟುವುದಿಲ್ಲ. ಹಚ್ಚಿದ ಜಾಗವನ್ನಷ್ಟೇ ಕಾಯುತ್ತದೆ. ಚಪ್ಪಲಿಯ ಪಟ್ಟಿಯ ಪಕ್ಕದ ಬೆರಳಗಲದ ಚರ್ಮ, ಕಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಸೆರಗು ಸರಿದಾಗ ಕಾಣುವ ಬೆನ್ನು ಮತ್ತು ಸೊಂಟ – ಬಿಟ್ಟುಹೋದ ಇಂಥ ಜಾಗಗಳನ್ನೇ ಸೊಳ್ಳೆ ಹುಡುಕಿ ಕಚ್ಚುತ್ತದೆ. ಸೀರೆ ಉಡುವವರ ಬೆನ್ನಿಗೆ ಇನ್ನೊಬ್ಬರೇ ಹಚ್ಚಬೇಕು. ಬಟ್ಟೆಯ ಒಳಗಿನ ಚರ್ಮಕ್ಕೆ ಹಚ್ಚಬೇಕಾಗಿಲ್ಲ. ಮುಖಕ್ಕೆ ನೇರವಾಗಿ ಸಿಂಪಡಿಸದೆ, ಅಂಗೈಗೆ ತೆಗೆದುಕೊಂಡು ಕಣ್ಣು ಬಾಯಿ ಬಿಟ್ಟು ಸವರಿಕೊಳ್ಳಿ. ಮಾರಾದಲ್ಲಿ ದಿನಕ್ಕೆ ಎರಡು ಸಲ, ಮೊಂಬಾಸಾದಲ್ಲಿ ಮೂರು ಸಲದಂತೆ ಏಳು ದಿನಕ್ಕೆ ಒಬ್ಬರಿಗೆ 100 ಮಿಲಿಲೀಟರಿನಷ್ಟು ಬೇಕಾಗುತ್ತದೆ, ನೈರೋಬಿಯ ದಿನಗಳಿಗೆ ಇನ್ನಷ್ಟು ಇಟ್ಟುಕೊಳ್ಳಿ. ವಿಮಾನದೊಳಗೆ ಒಯ್ಯುವ ಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲವಾದ್ದರಿಂದ ದೊಡ್ಡದನ್ನು ವಿಮಾನ ನಿಲ್ದಾಣದಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಿ. ಸುತ್ತಲು ಬಟ್ಟೆಯ ಚೀಲ ಬಳಸಿ. ಕೀನ್ಯಾ 2017ರಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ.

ಇನ್ನು ಯಾವ ಹೊತ್ತಿಗೆ ಹಚ್ಚಬೇಕು ಎಂಬುದು. ಮಲೇರಿಯಾ ಹರಡುವ ಅನಾಫಿಲಿಸ್ ಮುಸ್ಸಂಜೆಯಿಂದ ನಸುಕಿನವರೆಗೆ ಕಚ್ಚುತ್ತದೆ, ನಡುರಾತ್ರಿಯಲ್ಲಿ ಹೆಚ್ಚು. ಡೆಂಗ್ಯೂ, ಚಿಕುನ್‌ಗುನ್ಯಾ ಹರಡುವ ಈಡಿಸ್ ಹಗಲಿನದು. ಬೆಳಗಿನ ಮೊದಲ ಕೆಲವು ಗಂಟೆಗಳಲ್ಲಿ ಮತ್ತು ಸೂರ್ಯ ಮುಳುಗುವ ಮುಂಚಿನ ಹೊತ್ತಿನಲ್ಲಿ ಅದರ ಕಾಟ ಜೋರು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿ ತಂಪಾಗಿರುವುದರಿಂದ ಅಲ್ಲಿ ಮಲೇರಿಯಾದ ಅಪಾಯ ಬಹಳ ಕಡಿಮೆ. ಮಾರಾದಲ್ಲಿ ಅಪಾಯವಿದೆ, ಆಗಸ್ಟ್‌ನ ಸಂಜೆ ಅಲ್ಲಿ ಚಳಿಯಿರುವುದರಿಂದ ತುಂಬುತೋಳಿನ ಅಂಗಿ, ಕಾಲುಚೀಲ ತಾವಾಗಿಯೇ ಮೈಮೇಲೆ ಬರುತ್ತವೆ, ಅದು ಅನುಕೂಲವೇ. ಕಡುನೀಲಿ ಮತ್ತು ಕಪ್ಪು ಬಟ್ಟೆ ಮಾತ್ರ ಬೇಡ. ಕೀನ್ಯಾದ ಕೆಲವು ಹುಲ್ಲುಗಾವಲುಗಳಲ್ಲಿ ಕಚ್ಚುವ ತ್ಸೆತ್ಸೆ ನೊಣ ಆ ಬಣ್ಣಗಳಿಗೆ ಬಂದು ಮುತ್ತುತ್ತದೆ. ಅದು ಸೊಳ್ಳೆ ನಿವಾರಕಕ್ಕೆ ಹೆಚ್ಚು ಲೆಕ್ಕ ಕೊಡುವುದಿಲ್ಲ. ಮೊಂಬಾಸಾ ಎಲ್ಲಕ್ಕಿಂತ ಕಠಿಣ ಜಾಗ: ಕರಾವಳಿಯ ಸೆಕೆ, ರಾತ್ರಿ ಮಲೇರಿಯಾದ ಸೊಳ್ಳೆ, ಹಗಲು ಡೆಂಗ್ಯೂವಿನ ಸೊಳ್ಳೆ. ಅಲ್ಲಿ ಎದ್ದ ಕೂಡಲೆ ಒಮ್ಮೆ, ಮಧ್ಯಾಹ್ನದ ನಂತರ ಒಮ್ಮೆ, ಸಂಜೆ ಕೈಕಾಲು ತೊಳೆದ ಮೇಲೆ ಒಮ್ಮೆ ಹಚ್ಚಿಕೊಂಡು, ಪರದೆಯೊಳಗೆ ಮಲಗಿ.

ಸೊಸೆಯ ವಿಷಯದಲ್ಲಿ ನನ್ನ ಮಾತು ಖಚಿತ: ಆಕೆ ನೈರೋಬಿಯಲ್ಲೇ ಉಳಿಯಲಿ, ಮಾರಾ ಮತ್ತು ಮೊಂಬಾಸಾಕ್ಕೆ ಬರುವುದು ಬೇಡ. ಗರ್ಭಿಣಿಯರತ್ತ ಸೊಳ್ಳೆಗಳು ಹೆಚ್ಚು ಸೆಳೆಯಲ್ಪಡುತ್ತವೆ, ಮತ್ತು ಅವರಿಗೆ ಮಲೇರಿಯಾ ಬಂದರೆ ತಾಯಿಗೂ ಮಗುವಿಗೂ ಅಪಾಯ ಹೆಚ್ಚು. ಮನೆಯಲ್ಲಿ ಆಕೆ ನಿವಾರಕ ಹಚ್ಚಿಕೊಳ್ಳಲು ಹೆದರಬೇಕಾಗಿಲ್ಲ. ಥಾಯ್ಲೆಂಡಿನಲ್ಲಿ ಗರ್ಭಿಣಿಯರು ಮೂರು ತಿಂಗಳು ತುಂಬಿದ ಮೇಲೆ ದಿನವೂ ಶೇ 20ರ ಡೀಟ್ ಹಚ್ಚಿಕೊಂಡ ಅಧ್ಯಯನವೊಂದು 2001ರಲ್ಲಿ ಪ್ರಕಟವಾಗಿದೆ. ಹುಟ್ಟಿದ ಮಕ್ಕಳ ತೂಕದಲ್ಲಾಗಲಿ ಬೆಳವಣಿಗೆಯಲ್ಲಾಗಲಿ ಕೆಡುಕು ಕಂಡುಬರಲಿಲ್ಲ.

ನಿವಾರಕ ಎಷ್ಟೇ ಒಳ್ಳೆಯದಾದರೂ ಮಾರಾ ಮತ್ತು ಮೊಂಬಾಸಾಕ್ಕೆ ಮಲೇರಿಯಾ ತಡೆಯುವ ಮಾತ್ರೆಯೂ ಬೇಕು. ಡಾಕ್ಸಿಸೈಕ್ಲಿನ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರುಮಾಡಿ, ಆ ಜಾಗ ಬಿಟ್ಟ ಮೇಲೂ ನಾಲ್ಕು ವಾರ ನುಂಗಬೇಕು. ಅಟೊವಕ್ವೋನ್–ಪ್ರೊಗ್ವಾನಿಲ್ ಆದರೆ ಬಿಟ್ಟ ಮೇಲೆ ಏಳು ದಿನ. ನಿಮ್ಮ ಇತರ ಔಷಧಿಗಳನ್ನು ನೋಡಿ ವೈದ್ಯರೇ ಇದನ್ನು ಆರಿಸಬೇಕು. ಕೀನ್ಯಾದಿಂದ ಮರಳುವವರು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕೆಂಬುದು ಭಾರತದ ನಿಯಮ. ಪ್ರಮಾಣಪತ್ರ ಲಸಿಕೆಯ ಹತ್ತು ದಿನದ ನಂತರ ಸಿಂಧುವಾಗುವುದರಿಂದ ಕೊನೆಯ ವಾರಕ್ಕೆ ಬಿಡಬೇಡಿ. 60 ದಾಟಿದವರು ಈ ಲಸಿಕೆಯನ್ನು ಮೊದಲ ಸಲ ಪಡೆಯುವಾಗ ಅಪರೂಪದ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಹೆಚ್ಚು. ನಿಮ್ಮ ವಯಸ್ಸನ್ನು, ಆರೋಗ್ಯದ ವಿವರವನ್ನು ಲಸಿಕಾ ಕೇಂದ್ರದ ವೈದ್ಯರಿಗೆ ಮುಂಚೆಯೇ ತಿಳಿಸಿ.

ಪ್ರಶ್ನೆ: ಮೈಸೂರಿನಿಂದ ಬರೆಯುತ್ತಿದ್ದೇನೆ. 14 ತಿಂಗಳ ಮಗಳೊಂದಿಗೆ ಬಾಲಿ ದ್ವೀಪಕ್ಕೆ ಒಂದು ವಾರ ಹೋಗುತ್ತಿದ್ದೇವೆ. ಮಗುವಿಗೆ ರಾಸಾಯನಿಕ ಹಚ್ಚಲು ಮನಸ್ಸಿಲ್ಲ. ಸೊಳ್ಳೆ ಓಡಿಸುವ ಕೈಪಟ್ಟಿ, ಬಟ್ಟೆಗೆ ಅಂಟಿಸುವ ಸ್ಟಿಕ್ಕರ್ ಸಾಕಾಗುವುದಿಲ್ಲವೇ? ಸನ್‌ಸ್ಕ್ರೀನನ್ನೂ ಹಚ್ಚಬೇಕಾಗಿದೆ.

ಉತ್ತರ: ತಾಯಿಯ ಮನಸ್ಸು ನನಗೆ ಅರ್ಥವಾಗುತ್ತದೆ, ಆದರೆ ಕೈಪಟ್ಟಿಯ ಮೇಲೆ ಭರವಸೆ ಇಡಬೇಡಿ. 2002ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಶೇ 24ರಷ್ಟು ಡೀಟ್ ಸರಾಸರಿ 300 ನಿಮಿಷ ಕಾಪಾಡಿತು. ಸಿಟ್ರೊನೆಲ್ಲಾ, ಅಂದರೆ ಮಜ್ಜಿಗೆ ಹುಲ್ಲಿನ ಜಾತಿಯ ಹುಲ್ಲಿನ ಎಣ್ಣೆ ಇರುವಂಥವು 20 ನಿಮಿಷವನ್ನೂ ತಲುಪಲಿಲ್ಲ. ಕೈಪಟ್ಟಿಗಳು ಅರ್ಧ ನಿಮಿಷವೂ ನಿಲ್ಲಲಿಲ್ಲ. ಸ್ಟಿಕ್ಕರುಗಳಲ್ಲಿ ಇರುವುದೂ ಬಹುಪಾಲು ಅದೇ ಎಣ್ಣೆ. ಮಗುವಿನ ಮುಂಗೈಗೆ ಪಟ್ಟಿ ಕಟ್ಟಿದರೆ ಕಾಲಿಗೆ ಕಚ್ಚುವ ಸೊಳ್ಳೆಗೆ ಅದು ತಿಳಿಯುವುದೇ ಇಲ್ಲ. ಸದ್ದು ಹೊರಡಿಸಿ ಸೊಳ್ಳೆ ಓಡಿಸುವುದಾಗಿ ಹೇಳುವ ಸಾಧನಗಳಿಂದಲೂ ಪ್ರಯೋಜನವಿಲ್ಲ.

ಬಾಲಿಯಲ್ಲಿ ನೀವು ಹೆಚ್ಚು ಎಚ್ಚರವಾಗಿರಬೇಕಾದದ್ದು ಡೆಂಗ್ಯೂ ಬಗ್ಗೆ, ಅಂದರೆ ಹಗಲಿನ ಬಗ್ಗೆ. ಮಗು ಮಧ್ಯಾಹ್ನ ಮಲಗಿದಾಗಲೂ ಪರದೆ ಬೇಕು. ತಳ್ಳುಗಾಡಿಗೆ ಹೊದಿಸುವ ಬಲೆಯನ್ನು ಇಲ್ಲಿಂದಲೇ ಒಯ್ಯಿರಿ. ತೆಳ್ಳಗಿನ, ತಿಳಿಬಣ್ಣದ, ಮೈಗೆ ಅಂಟಿಕೊಳ್ಳದ ಹತ್ತಿಯ ತುಂಬು ಅಂಗಿ ಮತ್ತು ಪೈಜಾಮ ತೊಡಿಸಿ. ಮೈಗಂಟಿದ ತೆಳುಬಟ್ಟೆಯ ಮೂಲಕ ಸೊಳ್ಳೆ ಕಚ್ಚಬಲ್ಲದು. ಉಳಿದ ಚರ್ಮಕ್ಕೆ ಡೀಟ್ ಹಚ್ಚಬಹುದು. ಎರಡು ತಿಂಗಳು ದಾಟಿದ ಮಕ್ಕಳಿಗೆ ಶೇ 30ರವರೆಗಿನದನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘ ಒಪ್ಪಿದೆ. ನಿಮ್ಮ ಮಗುವಿಗೆ ಶೇ 10ರಿಂದ 20ರದು ಸಾಕು. ಪಿಎಂಡಿ ಮೂರು ವರ್ಷದೊಳಗಿನವರಿಗೆ ಬೇಡ. ಇಕಾರಿಡಿನ್ ಆದರೆ ಡಬ್ಬಿಯ ಮೇಲಿನ ವಯೋಮಿತಿ ಓದಿ ಕೊಳ್ಳಿ. ನಿಮ್ಮ ಅಂಗೈಗೆ ತೆಗೆದುಕೊಂಡು ನೀವೇ ಹಚ್ಚಿ. ಮಗುವಿನ ಕೈಬೆರಳುಗಳಿಗೆ ಹಚ್ಚಬೇಡಿ, ಅವು ಮರುಕ್ಷಣವೇ ಬಾಯಿಗೆ ಹೋಗುತ್ತವೆ. ಗಾಯ, ಕೆರೆದ ಜಾಗ ಬಿಟ್ಟುಬಿಡಿ. ಕೋಣೆಗೆ ಮರಳಿದ ಮೇಲೆ ಸೋಪು ನೀರಿನಿಂದ ತೊಳೆದುಬಿಡಿ.

ಸನ್‌ಸ್ಕ್ರೀನ್ ಮೊದಲು, ಅದು ಚರ್ಮಕ್ಕೆ ಹಿಡಿಯಲು ಕಾಲು ಗಂಟೆ ಬಿಟ್ಟು ಮೇಲೆ ನಿವಾರಕ. ಎರಡೂ ಬೆರೆತ ಡಬ್ಬಿ ಕೊಳ್ಳಬೇಡಿ: ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕಾಗುತ್ತದೆ, ಅದರೊಂದಿಗೆ ನಿವಾರಕವೂ ಬೇಡದಷ್ಟು ಮೈಗೇರುತ್ತದೆ. ಡೀಟ್ ಮೇಲೆ ಬಂದಾಗ ಸನ್‌ಸ್ಕ್ರೀನಿನ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಗ್ಗುವುದರಿಂದ ಟೋಪಿ ಮತ್ತು ನೆರಳನ್ನೇ ಹೆಚ್ಚು ನಂಬಿ.

ಪ್ರಶ್ನೆ: ಹುಬ್ಬಳ್ಳಿಯವನು, ಎರಡು ವರ್ಷದ ಕೆಲಸಕ್ಕೆ ಉಗಾಂಡದ ಕಂಪಾಲಾಕ್ಕೆ ಹೊರಟಿದ್ದೇನೆ. ಎರಡು ವರ್ಷ ದಿನವೂ ಮೈಗೆ ಕ್ರೀಮು ಬಳಿದುಕೊಳ್ಳುವುದು ಹೇಗೆ? ಇಲ್ಲಿಂದ ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಮತ್ತು ಸೊಳ್ಳೆ ಬತ್ತಿ ಒಯ್ಯಲೇ?

ಉತ್ತರ: ಕೆಲವು ದಿನದ ಪ್ರವಾಸಿಗೆ ನಿವಾರಕ ಮುಖ್ಯ, ನೆಲೆಸುವವನಿಗೆ ಪರದೆ ಮುಖ್ಯ. ಉಗಾಂಡದಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ ಮತ್ತು ಆ ಸೊಳ್ಳೆ ಹೆಚ್ಚಾಗಿ ನೀವು ಮಲಗಿರುವ ಹೊತ್ತಿನಲ್ಲಿ ಬರುತ್ತದೆ. ಕೀಟನಾಶಕ ಲೇಪಿಸಿದ ಪರದೆ ಕೊಳ್ಳಿ. ಒಂದು ಚದರ ಅಂಗುಲಕ್ಕೆ 156 ಕಣ್ಣುಗಳಷ್ಟಾದರೂ ಹೆಣಿಗೆ ಬಿಗಿಯಿರಲಿ. ಸಂಜೆ ಹೊರಗೆ ಕೂರುವ ದಿನಗಳಲ್ಲಿ ಮಾತ್ರ ಕ್ರೀಮು ಹಚ್ಚಿದರೆ ಸಾಕು. ಎರಡು ಜೊತೆ ಬಟ್ಟೆ ಮತ್ತು ಕಾಲುಚೀಲಗಳಿಗೆ ಶೇ 0.5ರ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿಟ್ಟುಕೊಳ್ಳಬಹುದು. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಬೆಕ್ಕು ಮತ್ತು ಮೀನುಗಳಿಗೆ ವಿಷ.

ಇಲ್ಲಿಯ ಲಿಕ್ವಿಡ್ ಯಂತ್ರದ ಪ್ಲಗ್ಗು ಅಲ್ಲಿಯ ಚೌಕ ಮೂರು ಕಡ್ಡಿಯ ಸಾಕೆಟ್ಟಿಗೆ ಹೊಂದುವುದಿಲ್ಲ, ಕರೆಂಟು ಹೋದರೆ ಕೆಲಸವನ್ನೂ ಮಾಡುವುದಿಲ್ಲ. ಪರದೆಯ ಜೊತೆಗೆ ಅದೂ ಇರಲಿ ಎನ್ನಬಹುದು, ಪರದೆಯ ಬದಲು ಬೇಡ. ಬತ್ತಿಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬೇಡಿ. ಒಂದು ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತ್ತು.

ಮನೆ ಹಿಡಿದ ಮೊದಲ ದಿನವೇ ನೀರು ನಿಲ್ಲುವ ಜಾಗಗಳನ್ನು ನೋಡಿ. ಮಲೇರಿಯಾದ ಪರಾವಲಂಬಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಬಹಳ ಮುಂಚೆ 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗ, ತಮ್ಮ ಬಂಗಲೆಯಲ್ಲಿ ಸೊಳ್ಳೆ ಹೆಚ್ಚಲು ಕಿಟಕಿಯ ಹೊರಗಿನ ನೀರಿನ ಪೀಪಾಯಿಯೇ ಕಾರಣವೆಂದು ಕಂಡುಕೊಂಡಿದ್ದರು. ನಿಮ್ಮ ಕಿಟಕಿಯ ಹೊರಗೂ ಅಂಥದೊಂದು ಇದ್ದರೆ ಕವುಚಿಹಾಕಿ. ಮಾತ್ರೆಯನ್ನು ಎಷ್ಟು ಕಾಲ ನುಂಗಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಅಲ್ಲಿ ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ. ರಜೆಗೆ ಊರಿಗೆ ಬಂದಾಗ ಜ್ವರ ಕಂಡರೆ, ಬಂದು ಎಷ್ಟೇ ತಿಂಗಳಾಗಿದ್ದರೂ, ಉಗಾಂಡದಿಂದ ಬಂದವನೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.